ಗೋಡೆಯಾಚೆಯ ರೊಟ್ಟಿ ಸಪ್ಪಳ

ಗೋಪಮ್ಮ ನಾಲ್ಕನೆಯ ರೊಟ್ಟಿಯನ್ನು ಲಟ್ಟಿಸಿ ಹಂಚಿಗೆ ಹಾಕುವಷ್ಟರಲ್ಲಿ ಗೋಡೆಯಾಚೆ ಸಪ್ಪಳ ಶುರುವಾಯಿತು. ಪಟ್, ಪಟ್, ಪಟ್. ಪಕ್ಕದ ಮನೆಯ ಶಿವಬಸಮ್ಮ ಜೋಳದ ರೊಟ್ಟಿಯನ್ನು ಕಲ್ಲಿನ ಮೇಲೆ ಅಂಗೈಯಿಂದ ಬಡಿಯಲು ಕುಳಿತಿದ್ದಳು. ಮೊದಲು ಮನೆಮಂದಿಗಷ್ಟೇ ಬಡಿಯುತ್ತಿದ್ದಳು, ಬೇಗ ಮುಗಿಯುತ್ತಿತ್ತು. ದೀಪಾವಳಿಯಿಂದ ಖಾನಾವಳಿಗೆ ಕೊಡುತ್ತಾಳೆ. ಬೆಳಗ್ಗೆ ಒಂಬತ್ತರವರೆಗೆ ನಿಲ್ಲುವುದಿಲ್ಲ.

ಮೂಲೆಯಲ್ಲಿ ಕುಳಿತಿದ್ದ ಮಗ ಗೌತಮ ಎರಡೂ ಕಿವಿ ಮುಚ್ಚಿಕೊಂಡ. ಇಪ್ಪತ್ತಾರು ವರ್ಷದ, ಬಾಗಿಲು ತುಂಬುವಂಥ ಆಳು. ಮೊದಲು ಗುಂಯ್‌ಗುಟ್ಟಿದ, ಆಮೇಲೆ ಚೀರಿದ, ಆಮೇಲೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳತೊಡಗಿದ. ಗೋಪಮ್ಮ ಹಿಟ್ಟಿನ ಕೈಯಲ್ಲೇ ಓಡಿ ಅವನ ಕೆನ್ನೆಗೆ ತನ್ನ ಅಂಗೈ ಅಡ್ಡ ಇಟ್ಟಳು. ಏಟು ಅದಕ್ಕೆ ಬಿತ್ತು.

"ಗೋಪಮ್ಮಾ, ನಿನ್ನ ಮಗನ ಬಾಯಿ ಮುಚ್ಚಸ್ತೀಯೋ ಇಲ್ಲೋ?" ಆಚೆಯಿಂದ ಶಿವಬಸಮ್ಮ ಕೂಗಿದಳು. "ಮುಂಜಾನಿ ಎದ್ರ ದಿನಾ ಇದೇ ಆತು."

ಸಿಟ್ಟಿಗೆ ಅವಳ ಬಡಿತ ಇನ್ನೂ ಜೋರಾಯಿತು. ಗೌತಮನ ಚೀರಾಟವೂ.

ಮನೆ ಮಾಲೀಕ ಬಸವಲಿಂಗ ನಿನ್ನೆ ಬಂದು ಹೇಳಿಹೋಗಿದ್ದ: ಓಣಿಯವರ ತಕರಾರು ಬಹಳ, ಅಮಾವಾಸ್ಯೆಯೊಳಗೆ ಬೇರೆ ಮನೆ ನೋಡಿಕೊಳ್ಳಿ. ಗೋಪಮ್ಮನ ತವರೂರು ಮಾನ್ವಿಗೆ ಹೋಗುವುದೆಂದು ಅವಳೂ ಗಂಡ ಮೌನಪ್ಪನೂ ಟ್ರಂಕು ತುಂಬಿ ಮಂಚದ ಕೆಳಗೆ ಇಟ್ಟಿದ್ದರು. ಹಾಸಿಗೆಯ ದಿಕ್ಕು ಬದಲಾದರೂ ಗೌತಮನಿಗೆ ಎರಡು ದಿನ ಊಟ ಸೇರುವುದಿಲ್ಲ. ಊರೇ ಬದಲಾದರೆ?

ಹತ್ತು ಗಂಟೆಗೆ ಅಕ್ಬರಿ ಬೇಗಂ ಬಂದಳು. ವಿಕಲಚೇತನರ ಪುನರ್ವಸತಿ ಕಾರ್ಯಕರ್ತೆ, ಗೌತಮನ ಗುರುತಿನ ಚೀಟಿ ಮಾಡಿಸಿಕೊಟ್ಟವಳು. ಮುಂಜಾನೆಯ ಗಲಾಟೆಯನ್ನೂ ಮಾಲೀಕನ ಮಾತನ್ನೂ ಕೇಳಿದಳು. ಗೋಪಮ್ಮ ತೊಳೆಯುತ್ತಿದ್ದ ಲಟ್ಟಣಿಗೆಯ ಮೇಲೆ ಅವಳ ಕಣ್ಣು ಬಿತ್ತು.

"ರಾಯಚೂರಾಗ ಇದ್ದು ರೊಟ್ಟಿ ಲಟ್ಟಸ್ತೀಯಲ್ಲ ಅಕ್ಕಾ?"

"ಬಡಿದ್ರ ಇವ ತಡಕೊಳ್ಳಲ್ಲ. ಹದಿನೆಂಟು ವರ್ಷಾತು ಬಿಟ್ಟು. ಗೋಪಮ್ಮಗ ರೊಟ್ಟಿ ಬಡಿಯಾಕ ಬರಲ್ಲಂತ ಓಣಿ ಮಂದಿ ನಗ್ತಾರ."

"ಯಾಕ ಲಟ್ಟಸ್ತೀ ಅಂತ ಶಿವಬಸಮ್ಮಗ ಹೇಳೀಯೇನು?"

ಗೋಪಮ್ಮ ಲಟ್ಟಣಿಗೆಯನ್ನು ಸೆರಗಿನಿಂದ ಒರೆಸಿದಳು. "ಏನಂತ ಹೇಳ್ಲಿ? ತವರಾಗ ಒಮ್ಮೆ ಹೇಳಿದ್ದೆ. ಹುಚ್ಚ ಅಂದ್ರು. ಗಾಳಿ ಸೋಕ್ಯಾದ ಅಂದ್ರು. ಲಗ್ನ ಮಾಡು, ಸರಿ ಹೋಗ್ತಾನ ಅಂದ್ರು. ಅವತ್ತಿಂದ ಯಾರಿಗೂ ಹೇಳಿಲ್ಲ."

"ನೀ ಹೇಳದಿದ್ರ ಮಂದಿ ತಮಗ ತಿಳದ ಹೆಸರು ಇಡ್ತಾರ. ಇವನಿಗಿರೋದು ಆಟಿಸಂ. ಅದು ಹುಚ್ಚಲ್ಲ, ಗಾಳಿ ಅಲ್ಲ, ಅಂಟೋ ಬ್ಯಾನಿನೂ ಅಲ್ಲ. ಹುಟ್ಟಿನಿಂದಲೇ ಇವನ ಮಿದುಳು ಕೆಲಸ ಮಾಡೋ ರೀತಿ ಬ್ಯಾರೆ. ನಮಗ ಸಣ್ಣ ಸಪ್ಪಳ, ಇವನಿಗೆ ಕಿವ್ಯಾಗ ಮೊಳಿ ಹೊಡದಂಗ."

"ರೊಟ್ಟಿ ಬಡಿಯೋದು ಶಿವಬಸಮ್ಮನ ಹೊಟ್ಟಿಪಾಡು. ಬಿಡು ಅನ್ನಾಕ ಬರ್ತದೇನು?"

"ಬಿಡು ಅನ್ನಬ್ಯಾಡ. ಜಾಗ ಬದಲಿ ಮಾಡು ಅನ್ನು. ಗೌತಮನ ಹತ್ರ ನಾ ಕುಂದರ್ತೀನಿ, ನೀ ಹೋಗಿ ಬಾ."

ಶಿವಬಸಮ್ಮ ಅಂಗಳದಲ್ಲಿ ಹಿಟ್ಟಿನ ಪರಾತ ತೊಳೆಯುತ್ತಿದ್ದಳು. "ಏನವಾ, ಲಟ್ಟಣಿಗಿ ಹಿಡಕೊಂಡು ಜಗಳಕ್ಕ ಬಂದೀಯೇನು?"

ಗೋಪಮ್ಮ ಆಗಷ್ಟೇ ತನ್ನ ಕೈ ನೋಡಿಕೊಂಡಳು. ಲಟ್ಟಣಿಗೆಯನ್ನು ಕಟ್ಟೆಯ ಮೇಲಿಟ್ಟಳು.

"ಶಿವಬಸಕ್ಕಾ, ನನಗ ರೊಟ್ಟಿ ಬಡಿಯಾಕ ಬರ್ತದ," ಅಂದಳು. "ನಿನಗಿಂತ ತೆಳ್ಳಗ ಬಡೀತೀನಿ. ಆ ಸಪ್ಪಳಕ್ಕ ನನ್ನ ಮಗ ತನ್ನ ಕೆನ್ನಿ ತಾನೇ ಹೊಡ್ಕೋತಾನ. ಅದಕ್ಕ ಬಿಟ್ಟೀನಿ." ಆಮೇಲೆ ಎಲ್ಲವನ್ನೂ ಹೇಳಿ, ಬಡಿಯುವ ಜಾಗ ಬದಲಿಸಲು ಕೇಳಿದಳು.

ಶಿವಬಸಮ್ಮನ ಕೈ ಪರಾತದಲ್ಲೇ ನಿಂತಿತು. "ಹಂಗಾರ ನಾ ಸಿಟ್ಟಿಗೆ ಜೋರು ಬಡದಾಗೆಲ್ಲ..." ಎಂದಳು. ನಂತರ ಗೊಣಗಿದಳು, "ಇಷ್ಟು ವರ್ಷ ಬಾಜೂಕ ಇದ್ದು ಒಂದು ಮಾತು ಹೇಳಬಾರದೇನು? ನಾನೇನು ದೆವ್ವೇನು?"

"ಮುಂಜಾನಿ ಹೊತ್ತಿನಾಗ ಸ್ವಲ್ಪ," ಅಂದಳು ಗೋಪಮ್ಮ.

ಶಿವಬಸಮ್ಮನಿಗೆ ನಗು ತಡೆಯಲಾಗಲಿಲ್ಲ.

ಅಂದೇ ಶಿವಬಸಮ್ಮನ ರೊಟ್ಟಿ ಬಡಿಯುವ ಕಲ್ಲು ಹಿತ್ತಲಿಗೆ ಹೋಯಿತು. ಸಪ್ಪಳ ತಗ್ಗಲು ಅದರ ಕೆಳಗೆ ಮಡಚಿದ ಗೋಣಿಚೀಲ ಬಂತು. ಅಕ್ಬರಿ ಗೋಪಮ್ಮನ ಮನೆಯ ಗಡಿಯಾರದ ಪಕ್ಕ ರೊಟ್ಟಿಯ ಚಿತ್ರ ಅಂಟಿಸಿ, ಸಪ್ಪಳ ಶುರುವಾಗುವ ಮೊದಲೇ ಅದನ್ನು ಗೌತಮನಿಗೆ ತೋರಿಸಿ ಹೇಳಬೇಕು ಎಂದಳು. ಅವನು ಚೀರಿದರೆ ಬೈಯಬಾರದು, ಸುತ್ತ ಗುಂಪು ಸೇರಬಾರದು, ಸಪ್ಪಳ ಕಡಿಮೆ ಮಾಡಿ ಕಾಯಬೇಕು.

ಮರುದಿನ ಸಪ್ಪಳ ದೂರದಿಂದ ಬಂತು. ಗೌತಮ ಚಿತ್ರ ನೋಡಿದ, ಕಿವಿ ಮುಚ್ಚಿದ, ಗುಂಯ್‌ಗುಟ್ಟಿದ. ಚೀರಲಿಲ್ಲ. ಮೂರನೆಯ ದಿನ ಚೀರಿದ. ಯಾರೂ ಹೇಳದೆಯೇ ಹಿತ್ತಲಿನ ಸಪ್ಪಳ ನಿಂತಿತು, ಅವನು ಶಾಂತನಾದ ಮೇಲೆ ಮತ್ತೆ ಶುರುವಾಯಿತು. "ಹಿತ್ತಲಾಗ ಬಿಸಲು ಬಡೀತದವಾ," ಎಂದು ಶಿವಬಸಮ್ಮ ದಿನಾ ಗೊಣಗುತ್ತಾಳೆ. ಆದರೆ ಬಸವಲಿಂಗನಿಗೆ, "ನನ್ನ ತಕರಾರು ಏನಿಲ್ರೀ," ಎಂದು ಹೇಳಿದವಳೂ ಅವಳೇ. ಅವನು "ನೋಡೋಣು" ಅಂದನಂತೆ.

ಅದನ್ನು ಕೇಳಿದ ಸಂಜೆ ಗೋಪಮ್ಮ ಟ್ರಂಕು ಎಳೆದು ಗೌತಮನ ಚಾದರ ತೆಗೆದಳು, ಆಮೇಲೆ ಅವನ ಅಂಗಿಗಳನ್ನು. ಒಂದೊಂದಾಗಿ ಹಳೆಯ ಜಾಗದಲ್ಲೇ ಇಟ್ಟಳು. ಬಸವಲಿಂಗ ಮತ್ತೆ ಬಂದರೆ ತಾನೇ ಬಾಗಿಲಲ್ಲಿ ನಿಂತು ಮಾತಾಡುವುದು. ಈ ಮನೆ ಬಿಡುವುದಿಲ್ಲ. ಕೆಲಸದಿಂದ ಬಂದ ಮೌನಪ್ಪ ಖಾಲಿ ಟ್ರಂಕು ನೋಡಿದ. ಊಟಕ್ಕೆ ಬಡಿಸಿದಳು.

ಅಕ್ಕತಂಗಿಯರೇ, ನಿಮ್ಮ ಗೋಡೆಯಾಚೆಯೂ ಇಂಥ ಒಬ್ಬ ಮಗ, ಒಬ್ಬ ಮಗಳು ಇರಬಹುದು. ಚೀರಾಟ ಕೇಳಿದರೆ ಅಲ್ಲಿಂದಲೇ ಬೈಯಬೇಡಿ, ಬಾಗಿಲಿಗೆ ಹೋಗಿ ಏನು ಮಾಡಿದರೆ ಹಗುರಾಗುತ್ತದೆ ಎಂದು ಕೇಳಿ. ನಿಮ್ಮ ಮನೆಯಲ್ಲೇ ಇದ್ದರೆ ಬಚ್ಚಿಡಬೇಡಿ. ಪಂಚಾಯಿತಿಯಲ್ಲೋ ನಗರಸಭೆಯಲ್ಲೋ ವಿಚಾರಿಸಿ ಪುನರ್ವಸತಿ ಕಾರ್ಯಕರ್ತೆಯನ್ನು ಕಾಣಿ. ಪಕ್ಕದ ಮನೆಯ ಒಬ್ಬಳಿಗಾದರೂ ಈ ವಾರ ಹೇಳಿ.