ಎಣಿಸಿ ಕಲಿತ ಕೆಲಸ

ಎಳ್ಳಮಾವಾಸ್ಯೆ ಮುಗಿದು ನಾಲ್ಕು ದಿನವಾಗಿತ್ತು. ಹೊಲಗಳಲ್ಲಿ ತೊಗರಿ ರಾಶಿ ನಡೆದಿತ್ತು. ಹುಮನಾಬಾದಿನ ಮಹಾರುದ್ರಪ್ಪ ಸಾವಕಾರರ ದಾಲ್ ಮಿಲ್ಲಿನ ಮುಂದೆ ಹೊತ್ತು ಏರುವುದರೊಳಗೆ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಹಮಾಲರು ಇಳಿಸಿದ ಒಂದೊಂದು ಚೀಲಕ್ಕೂ ಚೂಪು ಕೊಳವೆ ಚುಚ್ಚಿ ಕಾಳು ತೆಗೆದು ನೋಡುತ್ತಿದ್ದರು. ಮಾಲು ಚಲೋ ಇದ್ದರೆ ಚೀಲದ ಬಲಮೂಲೆಗೆ ನೀಲಿ ಗೀಟು, ಹಸಿ ಇದ್ದರೆ ಎಡಮೂಲೆಗೆ. ಎಡಗೀಟಿನ ಚೀಲ ಬಂದ ದಾರಿ ಹಿಡಿಯಬೇಕು.

ಒಳಗೆ ಗಾಜಿನ ಖೋಲಿಯಲ್ಲಿ ತುಳಜಾರಾಮ, ಹೈದರಾಬಾದಿನ ವ್ಯಾಪಾರಿಗೆ ಲಾರಿಯ ಜೊತೆ ಹೋಗಬೇಕಾದ ಕಾಗದ ತಯಾರಿಸುತ್ತಿದ್ದ. ಹುಡಗಿ ಎಂಬ ಹತ್ತಿರದ ಊರಿನಿಂದ ದಿನಾ ಸೈಕಲ್ ಮೇಲೆ ಬರುವ ಐವತ್ತೊಂದರ ಮನುಷ್ಯ. ಹನ್ನೆರಡು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತಿದ್ದರೂ ಅವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕನ್ನಡ ಬರುತ್ತಿತ್ತು, ಮರಾಠಿ ಬರುತ್ತಿತ್ತು. ಇಂಗ್ಲಿಷ್ ಅಕ್ಷರಗಳ ಆಕಾರವಷ್ಟೇ ಗೊತ್ತು. ಪರದೆಯ ಮೇಲಿನ ಸಾಲಿನಲ್ಲಿ ಎಡದಿಂದ ಮೊದಲನೆಯದನ್ನು ಒತ್ತಿದರೆ ಪಟ್ಟಿಯೊಂದು ಇಳಿಯುತ್ತಿತ್ತು. ಅದರಲ್ಲಿ ಎರಡನೆಯದು ಹಳೆಯ ಕಾಗದ ತೆರೆಯಲು, ಹನ್ನೊಂದನೆಯದು ಪ್ರಿಂಟಿಗೆ. ಹೀಗೆ ಎಣಿಸಿ ಎಣಿಸಿಯೇ ಕೆಲಸ. ಹಳೆಯ ಕಾಗದ ತೆರೆದು ತಾರೀಖು, ಲಾರಿ ನಂಬರು, ತೂಕ ಬದಲಿಸುತ್ತಿದ್ದ. ವ್ಯಾಪಾರಿಯ ಹೆಸರನ್ನು ಲಕೋಟೆ ನೋಡಿ ಒಂದೊಂದೇ ಅಕ್ಷರ ಇಳಿಸುತ್ತಿದ್ದ. ಇದು ಮಿಲ್ಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ದಿನ ಆ ಕುರ್ಚಿ ಅವನದಾಗಿ ಉಳಿಯುವಂತಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ಗುಲ್ಬರ್ಗದ ಕಂಪ್ಯೂಟರ್ ಅಂಗಡಿಯ ದಿಲೀಪ ಬಂದ. ಹೈದರಾಬಾದಿನವರು ಕಳಿಸುವ ಕಾಗದಗಳು ಒಂದು ತಿಂಗಳಿಂದ ಇಲ್ಲಿ ತೆರೆಯುತ್ತಿರಲಿಲ್ಲ. ಅವರು ಹೊಸ ಸಾಫ್ಟ್‌ವೇರಿಗೆ ಹೋಗಿದ್ದರು. ನಮಗೂ ಅದನ್ನೇ ಹಾಕು ಎಂದು ಸಾವಕಾರರು ಹೇಳಿ ಕಳಿಸಿದ್ದರು.

"ಕಾಕಾ, ಇದಿಷ್ಟು ಓದ್ರಿ," ಎಂದು ದಿಲೀಪ ಒಂದೇ ತರಹದ ಎರಡು ಇಂಗ್ಲಿಷ್ ಹಾಳೆ ಚಾಚಿದ. "ಹೊಸಾದು ಹಾಕಸೋರೆಲ್ಲಾ ಕೇಳೋ ಪ್ರಶ್ನೆ ಅವ, ಉತ್ತರಾನೂ ಅಲ್ಲೇ ಅವ. ಒಂದಕ್ಕ ಗುರುತು ಹಾಕಿ ಸಹಿ ಮಾಡಿ ಕೊಡ್ರಿ, ಇನ್ನೊಂದು ನಿಮಗ."

ಬಾಗಿಲಲ್ಲಿ ನಿಂತ ಮಹಾರುದ್ರಪ್ಪ ನಕ್ಕರು. "ಅಂವಗೇನು ಓದಸ್ತಿಯೋ? ಹನ್ನೆರಡು ವರ್ಷ ಹೈದರಾಬಾದಿನವರಿಗೆ ಇಂಗ್ಲಿಷ್‌ನಾಗೇ ಕಾಗದಾ ಕಳಸ್ಯಾನ. ನಮ್ಮ ಮಿಲ್ಲಿನ ಕಲೆಕ್ಟರ್ ಸಾಹೇಬ ಅಂವ!"

ದಿಲೀಪ ತನ್ನ ಲ್ಯಾಪ್‌ಟಾಪಿನಲ್ಲಿ ಹೊಸದನ್ನು ತೋರಿಸಿದ. ಆ ಸಾಲು ಇರಲಿಲ್ಲ. ಇಳಿಯುವ ಪಟ್ಟಿ ಇರಲಿಲ್ಲ. ಮೇಲೆ ಒಂದು ಅಗಲ ಪಟ್ಟೆ, ಅದರ ತುಂಬ ಸಣ್ಣ ಸಣ್ಣ ಚಿತ್ರ. ಒಂದು ಕಡೆ ಒತ್ತಿದರೆ ಅಷ್ಟೂ ಚಿತ್ರ ಬದಲಾಗುತ್ತಿದ್ದವು. ಎಲ್ಲಿಂದ ಎಣಿಸಲು ಶುರು ಮಾಡಬೇಕೆಂಬುದೇ ತುಳಜಾರಾಮನಿಗೆ ತಿಳಿಯಲಿಲ್ಲ.

"ಹಳೇ ಕಾಗದ ತೆರೀತಾವೇನಪಾ?" ಎಂದು ಕೇಳಿದ.

"ತೆರೀತಾವ್ರಿ. ಮತ್ತೇನರ ಕೇಳೋದದ ಏನ್ರಿ?"

ಇತ್ತು. ಹೊಸದು ಬರಲಿ, ಹಳೆಯದೂ ಒಂದು ಕಡೆ ಇರಲಿ, ಆಗುತ್ತದೇನು? ಆದರೆ ಹಾಗೆ ಕೇಳಿದರೆ ಯಾಕೆ ಎಂದು ಸಾವಕಾರರು ಕೇಳುವರು. "ಏನಿಲ್ಲ ಬಿಡು," ಎಂದ. ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಾಳೆಯ ಮೇಲೆ ಬೆರಳು ಆಡಿಸಿದ. ನಡುವೆ ಅಕ್ಕಪಕ್ಕ ಎರಡು ಚೌಕಗಳಿದ್ದವು. ಬಲಗಡೆಯದಕ್ಕೆ ಗೀಟು ಹಾಕಿ, ಕೆಳಗೆ ಸಹಿ ಮಾಡಿದ.

"ಸಹಿ ಆತಲ್ಲ, ನಾಳೆ ರವಿವಾರಾನೇ ಹಾಕಿ ಮುಗಸ್ತೇನಿ," ಎಂದ ದಿಲೀಪ. "ಸೋಮವಾರ ಬಂದು ಹೊಸಾದರಾಗ ಕೂಡ್ರಿ."

ಮರುದಿನ ಮುಂಜಾನೆ ತುಳಜಾರಾಮ ತನ್ನ ಪಾಲಿನ ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಂಡು ಬಸವಕಲ್ಯಾಣದ ಬಸ್ ಹತ್ತಿದ. ಅಲ್ಲಿ ಮುನ್ನಿ ಬೀ ಇದ್ದಳು. ಹಿಂದೆ ಟೈಪಿಂಗ್ ಕ್ಲಾಸು ನಡೆಸುತ್ತಿದ್ದವಳು. ಅವನಿಗೆ ಕಂಪ್ಯೂಟರಿನಲ್ಲಿ ಎಣಿಸುವುದನ್ನು ಕಲಿಸಿದವಳೂ ಅವಳೇ. ಈಗ ಕ್ಲಾಸು ಮುಚ್ಚಿ ಐದು ವರ್ಷ.

"ಬರ್ರಿ ತುಳಜಾರಾಮ್ ಭಾಯಿ," ಎಂದಳು. "ಇನ್ನಾ ಎಣಸಾಕತ್ತೀರೋ, ಓದಾಕ ಬಂತೋ?"

"ಎಣಸಾಕತ್ತೇನಿ ಆಪಾ," ಎಂದು ಹಾಳೆ ಕೊಟ್ಟ.

ಅವಳು ಚಸ್ಮಾ ಒರೆಸಿ ಒಂದೊಂದಾಗಿ ಕನ್ನಡದಲ್ಲಿ ಹೇಳತೊಡಗಿದಳು. "ಕಲೀಲಿಕ್ಕೆ ಎಷ್ಟು ದಿನ ಬೇಕು? ಮ್ಯಾಲಿನ ಹೆಸರು ಓದ್ಕೋತ ಹೋದ್ರ ಎರಡು ದಿನ ಸಾಕು."

"ಓದಾಕ ಬರದವರಿಗೆ?"

"ಅದನ್ನ ಇದರಾಗ ಬರದಿಲ್ಲ. ಯಾರೂ ಕೇಳಿಲ್ಲ ಕಾಣಸ್ತದ."

ಮುಂದಿನದಕ್ಕೆ ಬಂದು ಅವಳು ನಿಂತಳು. "ಹಳೇದು, ಹೊಸಾದು ಎರಡೂ ಇಟ್ಕೋಬಹುದೇನು? ಇಟ್ಕೋಬಹುದು. ಎಡಗಡಿ ಗುರುತು ಹಾಕಿದ್ರ ಹಳೇದು ಇರ್ತದ, ಬಲಗಡಿ ಹಾಕಿದ್ರ ತೆಗೀತಾರ. ನೀವು ಎಲ್ಲಿ ಹಾಕೀರಿ?"

ತುಳಜಾರಾಮ ಹಾಳೆಯ ಬಲಗಡೆಯ ಚೌಕದ ಮೇಲೆ ಬೆರಳಿಟ್ಟ. ಆಮೇಲೆ, "ಬಲಕ್ಕ," ಎಂದ. "ನಮ್ಮಲ್ಲಿ ಚಲೋ ಮಾಲಿಗೆ ಬಲಕ್ಕೇ ಹಾಕ್ತಾರ ಆಪಾ."

ಅವಳೇ ಅವನನ್ನು ಎಬ್ಬಿಸಿ ಗಲ್ಲಿಯ ತುದಿಯ ಫೋನಿನಂಗಡಿಗೆ ಕಳಿಸಿದಳು. ದಿಲೀಪ ಮಿಲ್ಲಿನಿಂದಲೇ ಮಾತಾಡಿದ. "ಮುಂಜಾನೇನೇ ತೆಗದೇನ್ರಿ ಕಾಕಾ. ಹಳೇದರ ಸಿಡಿ ಇದ್ರ ಕೊಡ್ರಿ, ಮತ್ತ ಹಾಕ್ತೇನಿ." ಸಿಡಿ ಇರಲಿಲ್ಲ. ಅದನ್ನು ಹಾಕಿಹೋದವನು ಯಾರೋ, ಈಗ ಎಲ್ಲಿರುವನೋ.

ತಿರುಗಿ ಬಂದು ಹೊಸ್ತಿಲಲ್ಲೇ ಕೂತ. "ನೀವರ ಕಲಸ್ರಿ ಆಪಾ."

"ನಾ ಇದನ್ನ ಕಣ್ಣಿಲೇ ನೋಡಿಲ್ಲ ಭಾಯಿ. ಅವತ್ತೇ ಅಂದಿದ್ದೆ, ಮೊದಲು ಅಕ್ಷರ ಕಲೀರಿ ಅಂತ. ನಿಮಗ ಎಂಟು ದಿನದಾಗ ನೌಕರಿ ಬೇಕಾಗಿತ್ತು."

ಸುಳ್ಳಲ್ಲ. ಆ ಎಂಟು ದಿನಕ್ಕೆ ಅವಳು ಫೀ ತೆಗೆದುಕೊಂಡಿರಲಿಲ್ಲ. ಕೇಳಿದ್ದು ಒಂದೇ: ಮಿಲ್ಲಿನಲ್ಲಿ ಇನ್ನೊಬ್ಬರು ಬೇಕಾದಾಗ ತನ್ನ ತಮ್ಮನ ಮಗಳು ರುಬೀನಾಳ ಹೆಸರು ಹೇಳಬೇಕು. ಹುಡುಗಿ ಮೆಟ್ರಿಕ್ ಪಾಸಾಗಿದ್ದಳು, ಇಂಗ್ಲಿಷ್ ಬರುತ್ತಿತ್ತು. ಹೇಳುತ್ತೇನೆ ಎಂದು ತುಳಜಾರಾಮ ತುಳಜಾಭವಾನಿಯ ಆಣೆ ಇಟ್ಟಿದ್ದ. ಆಮೇಲೆ ಎರಡು ಸಲ ಸಾವಕಾರರು ಇನ್ನೊಬ್ಬರನ್ನು ತೆಗೆದುಕೊಳ್ಳೋಣವೇ ಎಂದು ಕೇಳಿದರು. ಎರಡೂ ಸಲ ಅವನು, "ಯಾಕ್ರಿ, ನಾನೇ ಮಾಡ್ತೇನಿ," ಎಂದ. ಓದು ಬಲ್ಲವಳು ಪಕ್ಕದಲ್ಲಿ ಕೂತರೆ ಅವನ ಎಣಿಕೆ ಒಂದು ದಿನವೂ ಮುಚ್ಚಿ ಉಳಿಯುತ್ತಿರಲಿಲ್ಲ.

"ರುಬೀನಾ ಎಲ್ಲಿದಾಳ್ರಿ?" ಎಂದು ಕೇಳಿದ.

"ಹುಲಸೂರಿಗೆ ಕೊಟ್ಟೀವಿ. ಸೀರಿಗೆ ಫಾಲ್ ಹಚ್ತಾಳ. ಎರಡು ಮಕ್ಕಳು." ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಅವನು ಜೇಬಿನಿಂದ ನೂರರ ನೋಟು ತೆಗೆದ. ಮುನ್ನಿ ಬೀ ಅದನ್ನು ನೋಡಿದಳು. "ಒಳಗಿಡ್ರಿ. ನಾ ಕೇಳಿದ್ದು ರೊಕ್ಕ ಅಲ್ಲ," ಎಂದು ಚಹಾ ತರಲು ಒಳಗೆ ಹೋದಳು.

ಸೋಮವಾರ ಹತ್ತು ಗಂಟೆಗೆ ಲಾರಿ ತುಂಬಿ ನಿಂತಿತು. ತುಳಜಾರಾಮ ಪರದೆಯ ಮುಂದೆ ಕೂತು ಮೂಲೆಯ ದುಂಡು ಚಿತ್ರ ಒತ್ತಿದ, ಹೇಗೋ ಹಳೆಯ ಕಾಗದವೊಂದು ತೆರೆದು ಅರ್ಧ ತಿದ್ದಿ ಇನ್ನೊಂದು ಒತ್ತಿದ. ಏನೋ ಬರಹ ಬಂತು. ಮೊದಲ ಗುಂಡಿ ಒತ್ತಿದ. ತಿದ್ದುತ್ತಿದ್ದ ಕಾಗದ ಪರದೆಯಿಂದಲೇ ಮಾಯವಾಯಿತು. ಡ್ರೈವರ್ ಎರಡು ಸಲ ಬಂದು ಇಣುಕಿದ. ಹನ್ನೊಂದೂವರೆಗೆ ಸಾವಕಾರರೇ ಬಂದರು.

"ಏನಾತೋ?"

"ಬರವಲ್ದರಿ."

"ಬರವಲ್ದು ಅಂದ್ರ? ಅದರಾಗ ಏನು ಬರದದ, ಓದು."

ತುಳಜಾರಾಮ ಪರದೆ ನೋಡಿದ. "ಓದಾಕ ಬರಂಗಿಲ್ರಿ," ಎಂದ. "ಮೊದಲೂ ಬರ್ತಿರಲಿಲ್ರಿ."

ಮಹಾರುದ್ರಪ್ಪ ಗಾಜಿನಾಚೆ ತುಂಬಿ ನಿಂತ ಲಾರಿಯ ಕಡೆ ನೋಡಿದರು. ಹೊರಗೆ ಡ್ರೈವರ್ ಹಾರ್ನ್ ಹೊಡೆದ. "ಓದಾಕ ಬರೋರು ನಿನ್ನ ಗುರುತಿನಾಗ ಯಾರರ ಅದಾರೇನು? ಇವತ್ತೇ ಬೇಕು."

"ರುಬೀನಾ ಅಂತ ಒಬ್ಬಾಕಿ ಅದಾಳ್ರಿ. ಭಾಳ ಶ್ಯಾಣ್ಯಾಕಿ."

"ಎಲ್ಲಿರ್ತಾಳ?"

"ಹುಲಸೂರದಾಗ."

"ಹುಲಸೂರಿಂದ ದಿನಾ ಎರಡು ಬಸ್ ಬದಲಿ ಮಾಡಿ ಇಲ್ಲಿಗೆ ಯಾರು ಬರ್ತಾರೋ? ಹುಚ್ಚಾ!" ಸಾವಕಾರರು ಫೋನಿನ ಕಡೆ ತಿರುಗಿ, ದಿಲೀಪನ ಅಂಗಡಿಯಿಂದಲೇ ಒಬ್ಬರನ್ನು ಕಳಿಸಲು ಹೇಳಿದರು. ಫೋನ್ ಇಟ್ಟು, ಮುಖ ನೋಡದೆ, "ನೀ ಹೊರಗ ಹೋಗು. ಚೀಲಾ ಎಣಸೂದರ ಬರ್ತದಲ್ಲ," ಎಂದರು.

ತುಳಜಾರಾಮ ಹೊರಗೆ ಬಂದ. ತೊಗರಿಯ ಧೂಳು ಬಿಸಿಲಲ್ಲಿ ತೇಲುತ್ತಿತ್ತು. ಹೆಸರು ಹೇಳಿದೆನೆಂದು ಮುನ್ನಿ ಬೀಗೆ ತಿಳಿಸಬೇಕೆನಿಸಿತು. ಈಗ ಯಾವ ಮುಖ ಇಟ್ಟುಕೊಂಡು ಹೇಳುವುದು ಎಂದುಕೊಂಡು, ಇಳಿಯುತ್ತಿದ್ದ ಚೀಲಗಳ ಕಡೆ ಹೋಗಿ ನಿಂತ.