ಡಾಕ್ಟರ್ ಹೇಳಿದ್ದು ಅರ್ಥವಾದ ದಿನ

ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತರಾದ ಟೀಚರಿಗೆ ಗ್ರಂಥಾಲಯದ ಮಹಡಿಯ ಮೇಲೆ ಇಂಗ್ಲಿಷ್ ಕಲಿಯಲು ಬರುತ್ತಿದ್ದ ಹನ್ನೊಂದು ಹೆಂಗಸರು ಒಂದೇ ತಿಂಗಳಲ್ಲಿ ನೀರಿಳಿಸಿಬಿಟ್ಟರು. ಬೋರ್ಡಿನ ಮೇಲೆ ಬರೆದಿದ್ದನ್ನು ಎಲ್ಲರೂ ಒಕ್ಕೊರಲಿನಿಂದ ಓದುತ್ತಿದ್ದರು. ಬೋರ್ಡು ಒರೆಸಿ ಒಂದು ಪ್ರಶ್ನೆ ಕೇಳಿದರೆ ಬಾಯಿಗೆ ಬೀಗ. ಅದರಲ್ಲೂ ಕಿಟಕಿಯ ಪಕ್ಕ ಕೂರುತ್ತಿದ್ದ ಟೈಲರಮ್ಮನಂತೂ ಹಾಜರಿ ಕರೆದಾಗ ಬಿಟ್ಟರೆ ತುಟಿ ಬಿಚ್ಚಿದವಳಲ್ಲ.

ಕೊನೆಗೆ ಟೀಚರ್ ಪುಸ್ತಕ ಮುಚ್ಚಿಟ್ಟು, "ನಿಮಗೆ ಇಂಗ್ಲಿಷ್ ಎಲ್ಲಿ ಬೇಕು, ಅದನ್ನ ಮೊದಲು ಹೇಳಿ" ಅಂದರು.

ಹಣ್ಣಿನಂಗಡಿಯವಳು ಬ್ಯಾಂಕಿನಲ್ಲಿ ಅಂದಳು. ಹಾಸ್ಟೆಲಿನ ಅಡುಗೆಯವಳು, "ಮೊಮ್ಮಗಳ ಹತ್ತಿರ. ನನ್ನ ಎದುರಿಗೇ ನನ್ನನ್ನ ಬೈತಾಳೆ, ನಾನು ನಗ್ತಾ ಕೂತಿರ್ತೀನಿ" ಅಂದಾಗ ಎಲ್ಲರೂ ನಕ್ಕರು. ಟೈಲರಮ್ಮ ಸುಮ್ಮನಿದ್ದಳು. ಈ ಸಲ ಮುಂದಿನವರ ಕಡೆ ತಿರುಗದೆ ಟೀಚರ್ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಾ ಕಾದರು. ಏಳಕ್ಕೋ ಎಂಟಕ್ಕೋ ಅವಳ ಬಾಯಿ ತೆರೆಯಿತು.

"ಆಸ್ಪತ್ರೇಲಿ. ನಮ್ಮನೆಯವರಿಗೆ ಶ್ವಾಸಕೋಶದ ಕಾಯಿಲೆ. ಡಾಕ್ಟರುಗಳು ಮಂಚದ ಹತ್ತಿರ ನಿಂತು ಅವರವರೇ ಇಂಗ್ಲಿಷಲ್ಲಿ ಮಾತಾಡ್ಕೋತಾರೆ. ಆಮೇಲೆ ನನ್ನ ಕಡೆ ತಿರುಗಿ 'ನೋಡೋಣಮ್ಮ' ಅಂತಾರೆ. ಆ ಮೊದಲಿನ ಮಾತು ನನಗೆ ಬೇಕು."

ಮುಂದಿನ ತರಗತಿಗೆ ಎರಡು ಬೆಂಚು ಜೋಡಿಸಿ ಮಂಚ ಮಾಡಿದರು. ಅಡುಗೆಯವಳು ರೋಗಿಯಾಗಿ ಮಲಗಿ, "ಈ ಜನ್ಮದಲ್ಲಿ ಮಧ್ಯಾಹ್ನ ಮಲಗಿದ್ದು ಇವತ್ತೇ" ಅಂದಳು. ಒಬ್ಬರು ಡಾಕ್ಟರು, ಒಬ್ಬರು ನರ್ಸು, ಇಬ್ಬಿಬ್ಬರಾಗಿ ಮಾತು. ಟೀಚರ್ ಚಿತ್ರ ಬರೆದರು, ಕೆಮ್ಮಿ ತೋರಿಸಿದರು, ತಪ್ಪು ಹೇಳಿದವರನ್ನು ಅರ್ಧಕ್ಕೆ ತಡೆಯಲಿಲ್ಲ. ಸುಧಾರಿಸಿದೆ, ಹದಗೆಟ್ಟಿದೆ, ಎಷ್ಟು ದಿನ, ಎಷ್ಟು ವಾರ, ಇದಕ್ಕಿಂತ ಹೆಚ್ಚು, ಇದಕ್ಕಿಂತ ಕಡಿಮೆ: ಎಲ್ಲ ಬಾಯಿಗೆ ಬಂತು. ಟೈಲರಮ್ಮ ದಿನಕ್ಕೆ ಐದು ಮಾತನ್ನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಕತ್ತರಿಸುವ ಮೇಜಿನ ಅಂಚಿಗೆ ಬರೆದುಕೊಂಡು, ಹೊಲಿಗೆ ಯಂತ್ರ ತುಳಿಯುತ್ತಲೇ ಗುನುಗುತ್ತಿದ್ದಳಂತೆ. ಮೂರನೇ ತಿಂಗಳಿಗೆ ಎಲ್ಲರಿಗಿಂತ ಮುಂದೆ ಅವಳೇ. ಟೀಚರಿಗೆ ಒಳಗೊಳಗೇ ಹೆಮ್ಮೆ. ಇಷ್ಟು ವರ್ಷ ಹೀಗೆ ಕಲಿಸಲಿಲ್ಲವಲ್ಲ ಅಂತ ಸಂಕಟ ಕೂಡ.

ಒಂದು ಸೋಮವಾರ ಅವಳು ತಡವಾಗಿ ಬಂದಳು. ಪಾಠ ನಡೆದಿತ್ತು. ಸರದಿ ಬಂದಾಗ ಎದ್ದು ನಿಂತು, ನೆಲ ನೋಡುತ್ತಾ ಹೇಳಿದಳು.

"ನಾಟ್ ಮೋರ್ ದ್ಯಾನ್ ಟೂ ವೀಕ್ಸ್. ಡೋಂಟ್ ಟೆಲ್ ದ ವೈಫ್."

ವಾಕ್ಯದಲ್ಲಿ ಒಂದು ತಪ್ಪೂ ಇಲ್ಲ ಅನ್ನುವುದು ಟೀಚರಿಗೆ ಮೊದಲು ಹೊಳೆಯಿತು. ಅದಾದ ಮೇಲೆ ಅರ್ಥ ಇಳಿಯಿತು. ಎರಡು ವಾರಕ್ಕಿಂತ ಹೆಚ್ಚಿಲ್ಲ. ಹೆಂಡತಿಗೆ ಹೇಳಬೇಡಿ. ಅವರ ಕೈಯಲ್ಲಿದ್ದ ಚಿತ್ರ ಕೈಯಲ್ಲೇ ಉಳಿಯಿತು. ಅಡುಗೆಯವಳು ಎದ್ದು ಬಂದು ಟೈಲರಮ್ಮನ ಬೆನ್ನ ಮೇಲೆ ಕೈಯಿಟ್ಟಳು.

"ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸ್ತಾ ಇದ್ದೆ" ಅಂದಳು ಅವಳು, ಈಗ ತನ್ನ ಮಾತಿನಲ್ಲೇ. "ಹಿರಿಯ ಡಾಕ್ಟರು ಕಿರಿಯರಿಗೆ ಹೇಳಿದ್ರು. ಆಮೇಲೆ ನನಗೆ ಧೈರ್ಯವಾಗಿರಮ್ಮ ಅಂದ್ರು. ನಾನೇ ದ ವೈಫ್ ಅಂತ ಇಂಗ್ಲಿಷಲ್ಲೇ ಹೇಳಿದೆ. ಪಾಪ, ಅವರ ಮುಖ ನೋಡೋಕಾಗಲಿಲ್ಲ. ಮನೆಗೆ ಕರ್ಕೊಂಡು ಹೋಗ್ತೀನಿ ಅಂದೆ. ನಾಳೆ ಕಳಿಸ್ತಾರೆ."

ಗುರುವಾರ ಟೀಚರ್ ಅವಳ ಮನೆಗೆ ಹೋದರು. ಅಂಗಡಿಯ ಹಿಂದಿನ ಒಂದೇ ಕೋಣೆ. ಮಂಚವನ್ನು ಕಿಟಕಿಗೆ ಎಳೆದಿದ್ದರು. ಗೋಡೆಗೆ ಬಣ್ಣ ಹೊಡೆಯುವ ಕೆಲಸ ಮಾಡಿಕೊಂಡಿದ್ದ ಗಂಡ ಅದರ ಮೇಲೆ ಒರಗಿದ್ದ. ಉಗುರ ಸಂದಿಯಲ್ಲಿ ಇನ್ನೂ ಹಸಿರು ಬಣ್ಣವಿತ್ತು. ಟೀಚರನ್ನು ನೋಡಿ ಅವನ ಮುಖ ಅರಳಿತು.

"ಟೀಚರ್, ನಿಮ್ಮ ಮೇಲೆ ಒಂದು ದೂರಿದೆ" ಅಂದ, ಉಸಿರು ಎಳೆದುಕೊಳ್ಳುತ್ತಾ. "ಮೂರು ತಿಂಗಳು ಕಲಿಸಿದ್ದೀರಿ. ಡಾಕ್ಟರು ಏನಂದ್ರು ಅಂತ ಕೇಳಿದ್ರೆ, ಒಂದಕ್ಷರ ತಿಳೀಲಿಲ್ಲ ಅಂತಾಳೆ ಇವಳು."

ಟೈಲರಮ್ಮ ಒಲೆಯ ಹತ್ತಿರ ಬೆನ್ನು ಮಾಡಿ ನಿಂತಿದ್ದಳು. "ನನ್ನ ದಡ್ಡ ತಲೆಗೆ ಅಷ್ಟೆಲ್ಲ ಎಲ್ಲಿ ಹತ್ತುತ್ತೆ" ಅಂದಳು, ತಿರುಗದೆ.

ಟೀಚರ್ ಮಂಚದ ಪಕ್ಕ ಕೂತರು. "ತಪ್ಪು ನಂದೇ. ಸರಿಯಾಗಿ ಕಲಿಸಲಿಲ್ಲ."

"ಬೇಜಾರು ಮಾಡ್ಕೋಬೇಡಿ, ತಮಾಷೆಗೆ ಅಂದೆ" ಅಂದ ಅವನು. "ನಿಧಾನಕ್ಕೆ ಕಲೀತಾಳೆ. ಚಹಾ ಕುಡಿದು ಹೋಗಿ."

ಮನೆಗೆ ಬಂದ ಒಂಬತ್ತನೇ ದಿನ ಮಧ್ಯಾಹ್ನ, ಕಿಟಕಿಯ ಬೆಳಕಿನಲ್ಲಿ, ಹೆಂಡತಿ ಅವನ ಮುಖ ಒರೆಸುತ್ತಿದ್ದಾಗಲೇ ಹೋದ.

ಟೈಲರಮ್ಮ ಮತ್ತೆ ತರಗತಿಗೆ ಬರಲು ಎರಡು ತಿಂಗಳು ಹಿಡಿಯಿತು. ಬೇರೆಯವರು ಬರುವ ಮುಂಚೆಯೇ ಬಂದು ಕೂತಿದ್ದಳು. ಟೀಚರ್ ಅವಳ ಪಕ್ಕದಲ್ಲಿ ಕೂತು, ಅಷ್ಟು ದಿನ ನುಂಗಿಕೊಂಡಿದ್ದನ್ನು ಹೇಳಿದರು.

"ನಾನು ಕಲಿಸದೇ ಇದ್ದಿದ್ರೆ ಆ ಭಾರ ನಿಮಗೆ ಇರ್ತಿರಲಿಲ್ಲ."

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಕಲೀದೆ ಇದ್ದಿದ್ರೆ ಅವರು ಆಸ್ಪತ್ರೇಲೇ ಹೋಗ್ತಿದ್ರು, ಟೀಚರ್. ಮನೇಲಿ ಒಂಬತ್ತು ದಿನ ಸಿಕ್ತು." ಸುತ್ತಿದ್ದ ಸೆರಗನ್ನು ಬಿಚ್ಚುತ್ತಾ ಅಂದಳು, "ಆದ್ರೆ ಅವರು ಕೇಳಿದಾಗೆಲ್ಲ ಸುಳ್ಳು ಹೇಳಿದ್ನಲ್ಲ. ಅದು ಮಾತ್ರ ಇಳೀತಿಲ್ಲ."

ಟೀಚರ್ ಇನ್ನಷ್ಟು ಹತ್ತಿರ ಸರಿದು ಕೂತರು. ಮೆಟ್ಟಿಲ ಮೇಲೆ ಉಳಿದವರ ಚಪ್ಪಲಿ ಸದ್ದು ಕೇಳುವವರೆಗೂ ಇಬ್ಬರೂ ಹಾಗೇ ಕೂತಿದ್ದರು.