ಎಸ್ತೇರವ್ವನ ವಾಗ್ದಾನದ ಡಬ್ಬಿ

ನಾನು ಸಾಗುವಾನಿಯ ಒಂದು ಡಬ್ಬಿ. ಗೇಣುದ್ದ ಇದ್ದರೂ ಒಂದು ಕಾಲದಲ್ಲಿ ನನಗೆ ಸೊಕ್ಕು ಬಹಳ ಇತ್ತು. ಬೆಟಗೇರಿಯ ಬಡಿಗ ಯಾಕೋಬಪ್ಪ ಕ್ರೈಸ್ತ ದೇವಾಲಯದ ಬೆಂಚು ಮಾಡಿ ಉಳಿದ ತುಂಡಿನಿಂದ ನನ್ನನ್ನು ಮಾಡಿದ. ಒಳಗೆ ಕೆಂಪು ಮಖಮಲ್ಲು ಅಂಟಿಸಿ ಹೊಸ ಹೆಂಡತಿ ಎಸ್ತೇರವ್ವನ ಕೈಗೆ ಕೊಟ್ಟ. ಅವಳು ನನ್ನಲ್ಲಿ ಬಳೆ ಇಡಲಿಲ್ಲ. ದೇವರ ವಾಕ್ಯಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಮಡಿಚಿ ತುಂಬಿದಳು. ಹೀಗೆ ನಾನು ವಾಗ್ದಾನದ ಡಬ್ಬಿಯಾದೆ.

ಹೊಸ ವರ್ಷದ ದಿನ ಆರಾಧನೆ ಮುಗಿಸಿ ಬಂದು ಮನೆಯವರೆಲ್ಲ ಚಾಪೆಯ ಮೇಲೆ ಕೂರುತ್ತಿದ್ದರು. ಕಣ್ಣು ಮುಚ್ಚಿ ಒಬ್ಬೊಬ್ಬರು ಒಂದು ಚೀಟಿ ತೆಗೆಯಬೇಕು. ಬಂದ ವಾಕ್ಯವೇ ಆ ವರ್ಷಕ್ಕೆ ದೇವರು ಅವರಿಗೆ ಕೊಟ್ಟ ಮಾತು. ಅದನ್ನು ಮನಸ್ಸಿನಲ್ಲೇ ಓದಿಕೊಳ್ಳಬೇಕು. ನಿನಗೇನು ಬಂತು ಎಂದು ಯಾರೂ ಯಾರನ್ನೂ ಕೇಳಬಾರದು. ಇದು ಎಸ್ತೇರವ್ವನ ಕಟ್ಟಳೆ.

ಎಂಥ ಹೆಂಗಸು ಅವಳು. ಯಾಕೋಬಪ್ಪ ತೀರಿಕೊಂಡ ಮೇಲೆ ಹೊಲಿಗೆ ಮಿಷಿನ್ ತುಳಿದು ಮೂರು ಮಕ್ಕಳನ್ನು ಸಾಕಿದಳು. ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ, ಯಾವ ಜಾತಿ ಎಂದು ನೋಡದೆ ಗಂಜಿ ಕಾಯಿಸಿ ಒಯ್ಯುತ್ತಿದ್ದಳು. ಬಾಯಿ ಮಾತ್ರ ಖಾರ. ಆ ಬಾಯಿ ಒಮ್ಮೆ ಆಡಬಾರದ್ದನ್ನು ಆಡಿತು.

ಕಿರಿಯ ಸೊಸೆ ಪ್ರೇಮಲತಾಳ ಹೆಣ್ಣುಕೂಸು ಜ್ವರದಲ್ಲಿ ತೀರಿಕೊಂಡಿತ್ತು. ಮೂರು ದಿನ ಕಣ್ಣು ಮುಚ್ಚದವಳಿಗೆ ಕೊನೆಗೆ ಒಂದು ಗಳಿಗೆ ಜೋಂಪು ಹತ್ತಿತ್ತು, ಕೂಸು ಹೋದದ್ದು ಆಗಲೇ. ಕೂಸಿನ ಮಣ್ಣಿಗೆ ಬಂದವರೆದುರು ಎಸ್ತೇರವ್ವ, "ತಾಯಿ ಎಚ್ಚರ ಇದ್ದಿದ್ರ ಕೂಸು ಉಳೀತಿತ್ತು" ಎಂದುಬಿಟ್ಟಳು. ಪ್ರೇಮಲತಾ ಮುಂದೆ ಒಂಬತ್ತು ವರ್ಷ ಅತ್ತೆಗೆ ರೊಟ್ಟಿ ಬಡಿದಳು, ಕಾಲು ಒತ್ತಿದಳು, ಕೇಳಿದ್ದಕ್ಕೆ "ಹೂಂರಿ", "ಇಲ್ರಿ" ಎಂದಳು. ಅಷ್ಟೇ.

ಎಂಬತ್ತೆರಡನೆಯ ವಯಸ್ಸಿಗೆ ಎಸ್ತೇರವ್ವ ಹಾಸಿಗೆ ಹಿಡಿದಳು. ಕ್ರಿಸ್‌ಮಸ್ ಕಳೆದ ವಾರ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಚೀಟಿ ಬರೆದಳು. ಅದು ದೇವರ ವಾಕ್ಯವಲ್ಲ. "ಪ್ರೇಮಾ, ನಿನ್ನ ತಪ್ಪು ಏನೂ ಇರಲಿಲ್ಲ. ನಾನೇ ಅನ್ಯಾಯ ಮಾಡಿದೆ. ಕ್ಷಮಿಸವ್ವಾ." ಬಾಯಿಂದ ಹೇಳಲಾಗದ್ದನ್ನು ದೇವರೇ ಮುಟ್ಟಿಸಲಿ ಎಂದು ಆ ಚೀಟಿಯನ್ನು ಎಲ್ಲಕ್ಕಿಂತ ಮೇಲಿಟ್ಟು ಮುಚ್ಚಿದಳು.

ಇಲ್ಲಿಂದ ನನ್ನ ಪಾಪ ಶುರು. ಮುಚ್ಚಳದ ಮಖಮಲ್ಲು ಒಂದು ಕಡೆ ಅಂಟು ಬಿಟ್ಟು ಜೋತಿತ್ತು. ಮುಚ್ಚುವಾಗ ಚೀಟಿ ಅದರ ಸಂದಿಗೆ ಹೊಕ್ಕಿತು. ನನಗೆ ಗೊತ್ತಾಯಿತು. ಆದರೆ ಡಬ್ಬಿಗೆ ಕೆಮ್ಮಲು ಬರುತ್ತದೆಯೇ?

ಹೊಸ ವರ್ಷದ ದಿನ ಎಸ್ತೇರವ್ವ, "ಪ್ರೇಮಾ, ಈ ಸಲ ಮೊದಲ ನೀ ತಗಿಯವ್ವಾ" ಎಂದಳು. ಪ್ರೇಮಲತಾ ಕಣ್ಣು ಮುಚ್ಚಿ ಮೇಲಿದ್ದ ಚೀಟಿಯನ್ನೇ ತೆಗೆದಳು. ಅದು ಬೇರೆಯ ಚೀಟಿ. ಓದಿ, ಸೆರಗಿನ ತುದಿಗೆ ಕಟ್ಟಿಕೊಂಡು, ಒಲೆಯ ಮೇಲೆ ಅನ್ನ ಇದೆ ಎಂದು ಎದ್ದು ಹೋದಳು. ಎಸ್ತೇರವ್ವ ಅವಳ ಬೆನ್ನನ್ನೇ ನೋಡುತ್ತಿದ್ದಳು.

ಜನವರಿ ಕಳೆಯಿತು, ಫೆಬ್ರವರಿ ಕಳೆಯಿತು. ಕಟ್ಟಳೆ ತನ್ನದೇ, ಕೇಳುವಂತಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಗಂಜಿ ಕುಡಿಸುತ್ತಿದ್ದ ಸೊಸೆಯ ಮುಂಗೈ ಹಿಡಿದು ಕೇಳಿಯೇಬಿಟ್ಟಳು: "ಆ ಚೀಟಿ ಓದಿ ನಿನಗ ಸಮಾಧಾನ ಆತೇನವ್ವಾ?"

ಪ್ರೇಮಲತಾ ಚಮಚ ಕೆಳಗಿಟ್ಟಳು. "ಒಂದು ಚೀಟಿಯಿಂದ ಸಮಾಧಾನ ಬರತೈತೇನ್ರಿ ಅತ್ತಿ?"

ಎಸ್ತೇರವ್ವ ಕೈ ಬಿಟ್ಟಳು. "ಖರೆ ಐತಿ" ಎಂದಳು. ನಾಲ್ಕನೆಯ ದಿನ ತೀರಿಕೊಂಡಳು. ಸೊಸೆ ತನ್ನನ್ನು ಕ್ಷಮಿಸಲಿಲ್ಲ ಎಂದೇ ತಿಳಿದು ಹೋದಳು.

ಆ ಡಿಸೆಂಬರಿನಲ್ಲಿ ಪ್ರೇಮಲತಾ ನನ್ನನ್ನು ಒರೆಸಲು ಕೂತಳು. ಅಂಟಿಸೋಣವೆಂದು ಮಖಮಲ್ಲು ಎತ್ತಿದಾಗ ಚೀಟಿ ಅವಳ ಮಡಿಲಿಗೆ ಬಿತ್ತು. ಎರಡು ಸಲ ಓದಿದಳು. ಖಾಲಿ ಮಂಚದ ಕಡೆ ತಿರುಗಿ, "ಅತ್ತೀ, ಇದು ನನಗ ಮುಟ್ಟಿದ್ದಿಲ್ರಿ" ಎಂದಳು. ಅತ್ತೆಯ ಮಣ್ಣಿನ ದಿನ ಅಳದಿದ್ದವಳು ಅಂದು ಅತ್ತಳು.

ನನಗೀಗ ವಯಸ್ಸಾಯಿತು, ಮುಚ್ಚಳದ ಬಿಜಾಗರಿ ಸಡಿಲಾಗಿದೆ. ಮಕ್ಕಳು ಇಂದಿಗೂ ಅಜ್ಜಿಯ ಡಬ್ಬಿ ಎಂದು ಮುದ್ದಿನಿಂದ ನನ್ನನ್ನು ಸವರುತ್ತಾರೆ. ಆ ಮುದ್ದಿಗೆ ನಾನು ತಕ್ಕವನಲ್ಲ. ಮರದ ಡಬ್ಬಿಯದೇನು ತಪ್ಪು ಎಂದು ನೀವು ಕೇಳಬಹುದು. ಪ್ರೇಮಲತಾ ಕೂಡ ನನ್ನನ್ನು ಬೈಯಲಿಲ್ಲ. ಕಣ್ಣೊರೆಸಿಕೊಂಡು ಮಖಮಲ್ಲು ಅಂಟಿಸಿದಳು, ಚೀಟಿಗಳನ್ನೆಲ್ಲ ತುಂಬಿದಳು. ಆ ಒಂದು ಚೀಟಿಯನ್ನು ಮಾತ್ರ ಮತ್ತೆ ನನ್ನೊಳಗೆ ಇಡಲಿಲ್ಲ.